ಲಿಸ್ಬನ್ನಿನ ಗುಡ್ಡೆಗಳಿಂದ ಕಾಣುವ ಚರಿತ್ರೆ

ಬೇಕಲ ಕೋಟೆಯ ನಡುವಿನ ವೀಕ್ಷಣಾ ಗೋಪುರವನ್ನು ಹತ್ತದವರು ನಮ್ಮ ಕಡೆ ಕಡಿಮೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ, ನೆಂಟರು ಬಂದಾಗ ಇನ್ನೊಮ್ಮೆ, ಹೀಗೆ ಎಲ್ಲರೂ ಹತ್ತಿದವರೇ. ಮೇಲೆ ಹೋದ ಕೂಡಲೇ ಮಾಡುವ ಮೊದಲ ಕೆಲಸ, ನಮ್ಮ ಊರು ಯಾವ ದಿಕ್ಕಿಗೆ ಅಂತ ಹುಡುಕುವುದು. ಅದು ಪಳ್ಳಿಕ್ಕರೆ, ಇದು ಕೋಟಿಕುಳ, ಅಗೋ ಹೊಸದುರ್ಗ ಅಂತ ಕೈ ತೋರಿಸುವುದು. ಆದರೆ ಕೋಟೆ ಕಟ್ಟಿಸಿದವರು ಗೋಪುರದಿಂದ ಊರನ್ನು ನೋಡಲಿಕ್ಕೆ ಕಟ್ಟಿಸಿದ್ದಲ್ಲ. ಅವರ ಕಣ್ಣು ಇದ್ದದ್ದು ಪಡುವಣ ಕಡಲಿನ ಮೇಲೆ. ಕಡಲಿನಿಂದ ಯಾರು ಬರುತ್ತಾರೆ ಎಂಬ ಚಿಂತೆ ಅವರಿಗೆ.

ಆ ಕಡಲ ದಾರಿಯ ಇನ್ನೊಂದು ತುದಿಯ ಊರು ಲಿಸ್ಬನ್, ಪೋರ್ಚುಗಲ್ ದೇಶದ ರಾಜಧಾನಿ. ಮಗಳ ಮನೆಗೆ ಹೋದವನು ನಾಲ್ಕು ದಿನ ಆ ಊರಿನಲ್ಲಿಯೂ ಇದ್ದು ಬಂದೆ. ವಾಚನಾಲಯದಲ್ಲಿ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೋಡ್ಲಿಕ್ಕೆ ಚಂದ ಯಾವ ಜಾಗ ಮಾರಾಯ್ರೆ?" ಉತ್ತರ ಒಂದೇ ಮಾತಿನಲ್ಲಿ ಹೇಳುವ ಹಾಗಿಲ್ಲ. ಲಿಸ್ಬನ್ನಿಗೆ ಏಳು ಗುಡ್ಡೆಗಳ ಊರು ಎಂದು ಹೆಸರು. ಗುಡ್ಡೆಯ ಮೇಲೆ ನಿಂತು ಊರು ನೋಡಲಿಕ್ಕೆಂದೇ ಕಟ್ಟೆ, ಕಂಬಿ, ಬೆಂಚು ಹಾಕಿ ಮಾಡಿದ ಜಾಗಗಳಿಗೆ ಅವರ ಭಾಷೆಯಲ್ಲಿ 'ಮಿರಾದೋರು' ಎನ್ನುತ್ತಾರೆ. ಒಂದೊಂದು ಮಿರಾದೋರಿನಿಂದ ಕಾಣುವುದು ಆ ಊರಿನ ಒಂದೊಂದು ಕಾಲ. ಹಾಗಾಗಿ ಯಾವುದು ಚಂದ ಎನ್ನುವುದಕ್ಕಿಂತ ಯಾವ ಕಾಲವನ್ನು ನೋಡಬೇಕು ಎಂದು ಕೇಳಿಕೊಂಡು ಹತ್ತುವುದು ಒಳ್ಳೆಯದು.

ಮೊದಲು ಹತ್ತಬೇಕಾದ್ದು ಸಂತ ಜಾರ್ಜ್ ಕೋಟೆ. ಇದು ಮೂರರು, ಎಂದರೆ ಆ ಕಾಲದ ಮುಸ್ಲಿಂ ಅರಸರು ಕಟ್ಟಿಸಿದ ಕೋಟೆ. 1147ರಲ್ಲಿ ಅಫೊನ್ಸೊ ಹೆನ್ರಿಕ್ಸ್ ಎಂಬ ಅರಸ ಇದಕ್ಕೆ ಮುತ್ತಿಗೆ ಹಾಕಿದ. ಜೆರುಸಲೇಮಿನ ಕಡೆಗೆ ಯುದ್ಧಕ್ಕೆ ಹೊರಟಿದ್ದ ಇಂಗ್ಲಿಷ್, ಜರ್ಮನ್, ಫ್ಲೆಮಿಶ್ ಸೈನಿಕರು ದಾರಿಯಲ್ಲಿ ಅವನಿಗೆ ಜೊತೆಯಾದರು. ಜುಲೈಯಲ್ಲಿ ಶುರುವಾದ ಮುತ್ತಿಗೆ ಅಕ್ಟೋಬರಿನಲ್ಲಿ ಮುಗಿಯಿತು. ಕೋಟೆಯ ಗೋಡೆಯ ಮೇಲೆ ನಿಂತರೆ ಕೆಳಗೆ ಕೆಂಪು ಹಂಚಿನ ಮಾಡುಗಳು, ಅದರಾಚೆ ತೇಜು ನದಿ. ಹಂಚು ನೋಡಿದಾಗ ಒಂದು ಗಳಿಗೆ ನಮ್ಮ ಊರೇ ಅನ್ನಿಸ್ತದೆ. ನದಿ ಅಲ್ಲಿ ಎಷ್ಟು ಅಗಲ ಎಂದರೆ ಮೊದಲ ಸಲ ನೋಡಿದವರು ಅದನ್ನೇ ಕಡಲು ಅಂದುಕೊಳ್ಳುತ್ತಾರೆ. ನಿಜವಾದ ಕಡಲು ಇನ್ನೂ ಪಶ್ಚಿಮಕ್ಕೆ ಉಂಟು.

ಈ ಕೋಟೆಯಲ್ಲಿ ಅರಸರು ನೂರಾರು ವರ್ಷ ಇದ್ದರು. ಮತ್ತೆ ಕೆಳಗಿಳಿದರು. ಯಾಕೆ ಎಂಬುದರಲ್ಲಿ ನಮ್ಮ ಕರಾವಳಿಯ ಕತೆಯೂ ಸೇರಿಕೊಂಡಿದೆ. 1497ರ ಜುಲೈ 8ರಂದು ವಾಸ್ಕೊ ಡ ಗಾಮನ ಹಡಗುಗಳು ಈ ನದಿಯಿಂದ ಹೊರಟು, 1498ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ಹತ್ತಿರ ಮುಟ್ಟಿದವು. ಆಮೇಲೆ ಕರಿಮೆಣಸು, ಶುಂಠಿ, ದಾಲ್ಚೀನಿ ತುಂಬಿದ ಹಡಗುಗಳು ಲಿಸ್ಬನ್ನಿಗೆ ಬರಲಿಕ್ಕೆ ಶುರುವಾಯಿತು. ಆಗಿನ ಅರಸ ಮನುವೆಲ್ ಗುಡ್ಡೆಯ ಮೇಲಿನ ಮನೆ ಬಿಟ್ಟು ನದಿಯ ದಂಡೆಯಲ್ಲಿಯೇ ಹೊಸ ಅರಮನೆ ಕಟ್ಟಿಸಿದ. ಮಸಾಲೆ ವ್ಯಾಪಾರದ ಲೆಕ್ಕ ನೋಡುವ 'ಇಂಡಿಯಾ ಮನೆ' ಎಂಬ ಕಚೇರಿ ಅದಕ್ಕೆ ತಾಗಿಕೊಂಡೇ ಇತ್ತು. ವೈರಿಯ ಭಯ ಇದ್ದಾಗ ಅರಸನಿಗೆ ಗುಡ್ಡೆ ಬೇಕಿತ್ತು, ಹಣ ಹಡಗಿನಲ್ಲಿ ಬರಲಿಕ್ಕೆ ಹಿಡಿದಾಗ ಹಡಗುಕಟ್ಟೆ ಬೇಕಾಯಿತು.

ಆ ಅರಮನೆಯನ್ನು ನೋಡಬೇಕೆಂದು ಕೋಟೆಯಿಂದ ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ. ಕಾಣುವುದು ನದಿಗೆ ಬಾಯಿ ತೆರೆದ ದೊಡ್ಡ ಚೌಕ ಮಾತ್ರ. ಉತ್ತರಕ್ಕೆ ಕೋಟೆಯಿಂದ ಸ್ವಲ್ಪ ಇಳಿದು ಸಂತ ಲೂಸಿಯಾ ಇಗರ್ಜಿಯ ಹತ್ತಿರದ ಮಿರಾದೋರಿಗೆ ಬರಬೇಕು. ಅಲ್ಲಿ ಕಾಗದದ ಹೂವಿನ ಚಪ್ಪರ ಉಂಟು. ಇಗರ್ಜಿಯ ಹೊರಗೋಡೆಯಲ್ಲಿ ನೀಲಿ ಬಿಳಿ ಹೆಂಚಿನ ಬಿಲ್ಲೆಗಳಿಂದ ಮಾಡಿದ ಎರಡು ಚಿತ್ರಗಳಿವೆ. ಒಂದರಲ್ಲಿ 1147ರ ಯುದ್ಧ, ಇನ್ನೊಂದರಲ್ಲಿ ಭೂಕಂಪಕ್ಕಿಂತ ಮೊದಲಿನ ಆ ಚೌಕ.

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ. ಜನರೆಲ್ಲ ಇಗರ್ಜಿಗಳಲ್ಲಿ ಸೇರಿದ್ದರು, ಮೇಣದ ಬತ್ತಿಗಳು ಉರಿಯುತ್ತಿದ್ದವು. ಒಂಬತ್ತೂವರೆ ದಾಟಿದ ಹೊತ್ತಿಗೆ ಭೂಮಿ ನಡುಗಿತು. ಇಗರ್ಜಿಯ ಕಲ್ಲುಗಳು ಬೀಳುವಾಗ ಬದುಕಿದವರು ಬಯಲು ಜಾಗ ಎಂದು ನದಿಯ ದಂಡೆಗೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ನೀರು ಎದ್ದು ಬಂದು ಅವರನ್ನೂ ಎಳೆದುಕೊಂಡು ಹೋಯಿತು. ಉಳಿದದ್ದನ್ನು ದಿನಗಟ್ಟಲೆ ಉರಿದ ಬೆಂಕಿ ತಿಂದಿತು. ಅರಮನೆ, ಅದರ ಪುಸ್ತಕ ಭಂಡಾರ, ಇಂಡಿಯಾ ಮನೆ ಎಲ್ಲವೂ ಹೋದವು. ಸತ್ತವರು ಹತ್ತಾರು ಸಾವಿರ. ಚೌಕಕ್ಕೆ ಈಗ 'ವ್ಯಾಪಾರ ಚೌಕ' ಎಂದು ಹೆಸರಿಟ್ಟಿದ್ದಾರೆ. ಊರಿನವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ 'ಅರಮನೆ ಅಂಗಳ'ವೇ. ಅರಮನೆ ಹೋಗಿ ಇನ್ನೂರೈವತ್ತು ವರ್ಷ ಕಳೆದರೂ ಅಂಗಳದ ಹೆಸರು ಹೋಗಲಿಲ್ಲ. ಗಡಿ ಆಚೀಚೆಯಾದರೂ ಹಳೆಯ ಊರ ಹೆಸರುಗಳನ್ನು ಬಿಡದ ನಮಗೆ ಇದು ಬೇಗ ಅರ್ಥ ಆಗ್ತದೆ.

ಭೂಕಂಪದ ನಂತರ ಏನಾಯಿತು ಎಂದು ನೋಡಲಿಕ್ಕೆ ಎದುರಿನ ಗುಡ್ಡೆಗೆ ಹೋಗಬೇಕು. ಅಲ್ಲಿಯ ಸಂತ ಪೇದ್ರು ದೆ ಅಲ್ಕಾಂತರ ಎಂಬ ತೋಟದ ಮಿರಾದೋರಿಗೆ ಸಂಜೆ ಹೋದರೆ ಒಳ್ಳೆಯದು, ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದು ಎದುರಿನ ಕೋಟೆ ಹೊಳೆಯುತ್ತದೆ. ಅಲ್ಲಿಂದ ಕೋಟೆಯ ಗುಡ್ಡೆ ಮತ್ತು ತಗ್ಗಿನ ಪೇಟೆ ಕಾಣುತ್ತವೆ. ಆ ತಗ್ಗನ್ನೇ ಮಂತ್ರಿ ಪೊಂಬಾಲ್ ಹೊಸತಾಗಿ ಕಟ್ಟಿಸಿದ್ದು. ಮನುವೆಲ್ ದ ಮಾಯ ಎಂಬ ಮುದಿ ಎಂಜಿನಿಯರ್ ನಕ್ಷೆಯ ಕೆಲಸ ನೋಡಿಕೊಂಡ. ನೇರ ಬೀದಿಗಳು, ಒಂದೇ ಎತ್ತರದ ಮನೆಗಳು. ಗೋಡೆಯ ಒಳಗೆ ಮರದ ಪಂಜರ ಕೂರಿಸಿದರು, ಮುಂದೆ ಭೂಮಿ ನಡುಗಿದರೆ ಮರ ಬಾಗಿ ಮನೆ ನಿಲ್ಲಲಿ ಎಂದು. ಕೋಟೆಯ ಕೆಳಗಿನ ಅಲ್ಫಾಮ ಎಂಬ ಹಳೆಯ ಕೇರಿ ಬಹುಮಟ್ಟಿಗೆ ಉಳಿದಿತ್ತು. ಹಾಗಾಗಿ ಒಂದು ಬದಿಗೆ ಅಡ್ಡಾದಿಡ್ಡಿ ಓಣಿ, ಇನ್ನೊಂದು ಬದಿಗೆ ಗೆರೆ ಎಳೆದ ಹಾಗಿನ ಬೀದಿ.

ತಗ್ಗಿನ ಪೇಟೆಯಿಂದ ಮೇಲಕ್ಕೆ ಹೋಗಲು 1902ರಲ್ಲಿ ಕಟ್ಟಿದ ಕಬ್ಬಿಣದ ಎತ್ತುಗೋಪುರ ಒಂದು ಉಂಟು, ಹೆಸರು ಸಂತ ಜುಸ್ತ, ಎತ್ತರ ಸುಮಾರು 45 ಮೀಟರ್. ಅದರ ತುದಿಗೆ ಹೋದರೆ ಪಕ್ಕದಲ್ಲಿಯೇ ಕಾರ್ಮೊ ಮಠದ ಇಗರ್ಜಿ. ಭೂಕಂಪದಲ್ಲಿ ಮಾಡು ಬಿದ್ದದ್ದು ಹಾಗೆಯೇ ಇದೆ, ಕಲ್ಲಿನ ಕಮಾನುಗಳ ಮೇಲೆ ಆಕಾಶ. ಅದಕ್ಕೆ ತಾಗಿದ ಪೊಲೀಸ್ ಬ್ಯಾರಕಿನಲ್ಲಿ 1974ರ ಏಪ್ರಿಲ್ 25ರಂದು ಆಗಿನ ಸರ್ವಾಧಿಕಾರಿ ಸರಕಾರದ ಮುಖ್ಯಸ್ಥ ಕೈತಾನೊ ಶರಣಾದ. ಗೋವೆಯನ್ನು ಭಾರತ 1961ರಲ್ಲಿ ಬಿಡಿಸಿಕೊಂಡಿದ್ದರೂ ಪೋರ್ಚುಗಲ್ ಅದನ್ನು ಒಪ್ಪಿರಲಿಲ್ಲ. ಒಪ್ಪಿ ಸಹಿ ಹಾಕಿದ್ದು ಆ ಸರಕಾರ ಬಿದ್ದ ಮೇಲೆ, 1974ರ ಡಿಸೆಂಬರ್ 31ರಂದು.

ಎಲ್ಲಕ್ಕಿಂತ ಎತ್ತರದ ಮಿರಾದೋರು ಸೆನ್ಯೊರ ದು ಮೊಂತಿ, ಎಂದರೆ ಗುಡ್ಡದ ಮಾತೆ. ಅಲ್ಲಿಯ ಸಣ್ಣ ಗುಡಿಯಲ್ಲಿ ಕಲ್ಲಿನ ಕುರ್ಚಿ ಒಂದಿದೆ. ಗರ್ಭಿಣಿಯರು ಕುಳಿತರೆ ಹೆರಿಗೆ ಸುಸೂತ್ರ ಎಂದು ನಂಬಿಕೆ. ನಾನು ಹತ್ತುವಾಗ ಮಳೆ ಹನಿದು ಬೀದಿಯ ನುಣುಪು ಕಲ್ಲಿನಲ್ಲಿ ಜಾರಿ ಮೊಣಕಾಲು ತರಚಿತು, ಹೋಗುವವರು ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ. ಮೇಲೆ ಕೋಟೆ, ಪೇಟೆ, ನದಿ, ದೂರದ ಸೇತುವೆ ಎಲ್ಲ ಒಟ್ಟಿಗೆ ಕಾಣುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಜನ ಸುಮ್ಮನೆ ಕೂತು ನೋಡುತ್ತಾರೆ. ನಾನೂ ಕೂತೆ. ಚಂದ ಇತ್ತು, ಸುಳ್ಳು ಹೇಳಬಾರದು.

ಆದರೆ ಆ ಎತ್ತರದಿಂದಲೂ ಕಾಣದ್ದು ಒಂದು ಉಂಟು, ಹಡಗು ಹೋಗಿ ಮುಟ್ಟಿದ ತೀರ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕಡೆ ಬಂದ ದುವಾರ್ತೆ ಬಾರ್ಬೊಸ ಎಂಬ ಪೋರ್ಚುಗೀಸ ನಮ್ಮ ಕುಂಬಳೆಯ ಬಗ್ಗೆಯೂ ಬರೆದಿದ್ದಾನೆ. ಇಲ್ಲಿಂದ ಅಕ್ಕಿ ಮಾಲ್ದೀವಿಗೆ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಎಂದು. ಅಂದರೆ ಅವರು ಬರುವ ಮೊದಲೇ ನಮ್ಮವರಿಗೆ ಕಡಲ ದಾರಿ ಗೊತ್ತಿತ್ತು, ವ್ಯಾಪಾರ ಇತ್ತು. 'ಕಂಡುಹಿಡಿದರು' ಎಂದು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಆ ಗುಡ್ಡೆಯಿಂದ ನೋಡಿದವರ ಮಾತು. 1510ರಲ್ಲಿ ಗೋವೆ ಹಿಡಿಯಲಿಕ್ಕೆ ಅಲ್ಬುಕರ್ಕನಿಗೆ ಹೊನ್ನಾವರದ ಕಡೆಯ ತಿಮ್ಮಯ್ಯ ಜೊತೆಯಾದದ್ದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಮಂಗಳೂರು, ಬಸ್ರೂರು, ಹೊನ್ನಾವರಗಳಲ್ಲಿ ಅವರು ಕೋಟೆ ಕಟ್ಟಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಅಲ್ಲಿಂದ ಓಡಿಸಿದ. ಬೇಕಲ ಕೋಟೆ ಕಟ್ಟಿಸಿದವನೂ ಅವನೇ ಎಂದು ಚರಿತ್ರೆಕಾರರು ಹೇಳುತ್ತಾರೆ.

ಹಾಗಾಗಿ ಲಿಸ್ಬನ್ನಿಗೆ ಹೋಗುವ ನಮ್ಮವರಿಗೆ ನಾನು ಹೇಳುವುದು ಇಷ್ಟು. ಬೆಳಗ್ಗೆ ಸಂತ ಲೂಸಿಯಾ, ಮಧ್ಯಾಹ್ನ ಕೋಟೆ, ಸಂಜೆ ಗುಡ್ಡದ ಮಾತೆ. ಕೊನೆಗೆ ಕೆಳಗಿಳಿದು ಅರಮನೆ ಅಂಗಳದ ಮೆಟ್ಟಿಲಲ್ಲಿ, ನೀರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಹೋಗಲಿಕ್ಕೆ ಆಗದವರು ಒಂದು ಸಂಜೆ ಬೇಕಲದ ಗೋಪುರ ಹತ್ತಿ. ಈ ಸಲ ಊರು ಹುಡುಕುವ ಮೊದಲು ಕಡಲಿನ ಕಡೆ ನೋಡಿ.