ಕಾಳಿಯ ಕಲ್ಲು, ಪಿಕಾಚುವಿನ ರಿಬ್ಬನ್

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಒಂದು ವಿಡಿಯೋ ಗೇಮ್ ಮಾರಾಟಕ್ಕೆ ಬಂತು. ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಎಂಬ ಯಂತ್ರಕ್ಕಾಗಿ ಮಾಡಿದ ಆಟ ಅದು. ಹೆಸರು ಪೊಕೆಮಾನ್. ಪಾಕೆಟ್ ಮಾನ್‌ಸ್ಟರ್ ಎಂಬುದರ ಮೊಟಕು ರೂಪ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜೇಬಿನೊಳಗಿನ ರಾಕ್ಷಸ. ಆಟಗಾರ ಕಾಡುಮೇಡು ಅಲೆದು ಈ ವಿಚಿತ್ರ ಪ್ರಾಣಿಗಳನ್ನು ಹಿಡಿಯುತ್ತಾನೆ, ಪಳಗಿಸುತ್ತಾನೆ, ಊರೂರಿಗೆ ಹೋಗಿ ಬೇರೆಯವರ ಪ್ರಾಣಿಗಳ ಜೊತೆ ಕಾದಾಟಕ್ಕೆ ಬಿಡುತ್ತಾನೆ. ದೊಡ್ಡ ಊರುಗಳಲ್ಲಿ ಒಂದೊಂದು ಜಿಮ್ ಇರುತ್ತದೆ. ಅದನ್ನು ಗರಡಿಮನೆ ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ಗರಡಿಯ ಉಸ್ತಾದನನ್ನು ಸೋಲಿಸಿದರೆ ಅವನೇ ಒಂದು ಬ್ಯಾಡ್ಜ್ ಕೊಡುತ್ತಾನೆ. ಹೀಗೆ ಎಂಟು ಬ್ಯಾಡ್ಜ್ ಕೂಡಿಸಿದವನಿಗೆ ಮಾತ್ರ ಕೊನೆಯ ಪಂದ್ಯದ ದಾರಿ ತೆರೆಯುತ್ತದೆ. ದಾರಿಯುದ್ದಕ್ಕೂ ಕಾವಲುಗಾರರು ನಿಂತು ಬ್ಯಾಡ್ಜ್ ತೋರಿಸು ಎನ್ನುತ್ತಾರೆ.

ನಾನು ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ದುಡಿಯುವವನು. ಶಾಸನಗಳ ಪುಸ್ತಕ ಓದುವುದು ರಜಾ ದಿನದ ಚಟ. ಈ ಆಟಕ್ಕೂ ನನಗೂ ಗಂಟು ಬಿದ್ದದ್ದು ಅಕ್ಕನ ಮಗನಿಂದ. ಒಂದು ಭಾನುವಾರ ಟಿವಿಯಲ್ಲಿ ಪೊಕೆಮಾನ್ ಕಾರ್ಟೂನ್ ನೋಡುತ್ತಿದ್ದವನು ತಿರುಗಿ ಕೇಳಿದ: ‘ಮಾಮ, ಹೊಡೆದಾಡಿದ್ದು ಪಿಕಾಚು ಅಲ್ವಾ? ಬ್ಯಾಡ್ಜ್ ಯಾಕೆ ಇವನು ಇಟ್ಕೊಂಡ?’ ತೆರೆಯ ಮೇಲಿನ ಹುಡುಗ ಗೆದ್ದ ಬ್ಯಾಡ್ಜನ್ನು ಕೋಟಿನ ಒಳಮಗ್ಗುಲಿಗೆ ಚುಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ಹಳದಿ ಪ್ರಾಣಿ ಮೈ ಕೊಡವುತ್ತಾ ನಿಂತಿತ್ತು. ನಾನು ಏನೋ ಹೇಳಿ ಆ ಮಾತು ಮುಗಿಸಿದೆ. ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಅದನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ ನಮ್ಮ ನಾಡಿನ ಚರಿತ್ರೆಯಲ್ಲೇ ಹಲವು ಉತ್ತರಗಳು ಸಿಗುತ್ತವೆ.

ಮೊದಲು ಆಟದೊಳಗೆ ಬ್ಯಾಡ್ಜ್ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಅದು ಬರೀ ನೆನಪಿನ ಕಾಣಿಕೆ ಅಲ್ಲ. ಮೊದಲ ಆಟಗಳಲ್ಲಿ ಬೇರೆಯವರಿಂದ ವಿನಿಮಯದಲ್ಲಿ ಪಡೆದ ಪ್ರಾಣಿ ಹೊಸ ಒಡೆಯನ ಮಾತನ್ನು ಸುಮ್ಮನೆ ಕೇಳುವುದಿಲ್ಲ. ಎರಡನೆಯ ಬ್ಯಾಡ್ಜ್ ಇದ್ದರೆ 30ನೇ ಹಂತದವರೆಗಿನ ಪ್ರಾಣಿ ಕೇಳುತ್ತದೆ. ನಾಲ್ಕನೆಯದಕ್ಕೆ 50, ಆರನೆಯದಕ್ಕೆ 70, ಎಂಟನೆಯದು ಸಿಕ್ಕ ಮೇಲೆ ಎಲ್ಲವೂ. ದಾರಿಗೆ ಅಡ್ಡ ಬಂದ ಮರ ಕಡಿಸುವುದಕ್ಕೂ ನೀರಿನ ಮೇಲೆ ಈಜಿಸಿಕೊಂಡು ಹೋಗುವುದಕ್ಕೂ ತಕ್ಕ ಬ್ಯಾಡ್ಜ್ ಬೇಕು. ಅಂದರೆ ಬ್ಯಾಡ್ಜ್ ಎಂಬುದು ಅಪ್ಪಣೆ ಮಾಡುವ ಅಧಿಕಾರ. ಹೊಡೆದಾಡಿದ ಪ್ರಾಣಿ ಗೆಲುವು ತಂದುಕೊಟ್ಟಷ್ಟೂ ಅದರ ಮೇಲಿನ ಒಡೆತನ ಗಟ್ಟಿಯಾಗುತ್ತಾ ಹೋಗುತ್ತದೆ.

ಗೆದ್ದವರು ಮೈಮೇಲೆ ಗುರುತು ತೊಡುವುದು ನಮಗೆ ಹೊಸದಲ್ಲ. ಹಳಗನ್ನಡದಲ್ಲಿ ಇದಕ್ಕೆ ತೊಡರು ಎಂಬ ಮಾತಿದೆ. ವೀರರು ಕಾಲಿಗೆ ತೊಡುತ್ತಿದ್ದ ಬಿರುದಿನ ಬಳೆ ಅದು. ಗಂಡಪೆಂಡಾರ ಎಂದರೂ ಅದೇ ಬಗೆಯದು. ಆದರೆ ತೊಡರು ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ: ಸಿಕ್ಕು, ಸಂಕೋಲೆ, ಕಾಲಿಗೆ ಸುತ್ತಿಕೊಳ್ಳುವ ಅಡ್ಡಿ. ಬಿರುದಿಗೂ ಬಂಧನಕ್ಕೂ ಒಂದೇ ಮಾತು. ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು ಸಾಕ್ಷಿ. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿಗೆ ಅದನ್ನು ನಿಲ್ಲಿಸಿದ್ದಾರೆ. ಒಡೆಯನ ಜೊತೆಗೇ ಬದುಕಿ ಜೊತೆಗೇ ಸಾಯುತ್ತೇವೆ ಎಂದು ಮಾತು ಕೊಟ್ಟವರಿಗೆ ಗರುಡರು ಎಂದು ಹೆಸರು. ಆ ಮಾತಿನ ಗುರುತು ಕಾಲಿನ ತೊಡರು. ಸುಮಾರು 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲೆ, ಅವನ ನಂಬುಗೆಯ ವೀರರು ಪ್ರಾಣ ಬಿಟ್ಟರು. ಕಂಬದ ಮೇಲೆ ವೀರರು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಕೆತ್ತನೆಗಳಿವೆ. ಅಲ್ಲಿ ಉಳಿದಿರುವುದು ದಂಡನಾಯಕನ ಹೆಸರು. ಅವನ ಹಿಂದೆ ಹೋದವರು ಒಂದು ಸಂಖ್ಯೆಯಾಗಿ ನಿಂತರು.

ಪ್ರಾಣಿಯ ಹೆಸರನ್ನೇ ಮನುಷ್ಯ ಬಿರುದಾಗಿ ತೊಟ್ಟುಕೊಂಡದ್ದೂ ಉಂಟು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸ ಎಂಬ ಮಹಾಮಂಡಲೇಶ್ವರ ಎತ್ತರದ ಕಂಬ ನಿಲ್ಲಿಸಿದ. ಕಂಬದ ತುದಿಯಲ್ಲಿ ಗಂಡಭೇರುಂಡ. ಎರಡು ತಲೆಯ, ಆನೆಯನ್ನೇ ಎತ್ತಿಕೊಂಡು ಹೋಗಬಲ್ಲ ಕಥೆಯ ಹಕ್ಕಿ. ಗಂಡಭೇರುಂಡ ಎಂಬುದು ಚಾವುಂಡರಾಯನದೇ ಬಿರುದಾಗಿತ್ತು. ಮುಂದೆ ಅದೇ ಹಕ್ಕಿ ಮೈಸೂರು ಅರಸರ ಲಾಂಛನವಾಯಿತು. ಇವತ್ತು ಕರ್ನಾಟಕ ಸರ್ಕಾರದ ಮುದ್ರೆಯ ಮೇಲಿದೆ. ನಮ್ಮ ಕಾರ್ಖಾನೆಗೆ ಬರುವ ಪ್ರತಿಯೊಂದು ಸರ್ಕಾರಿ ಕಾಗದದ ನೆತ್ತಿಯ ಮೇಲೂ ಒಂದು ಜೇಬಿನ ರಾಕ್ಷಸ ಕೂತಿದೆ ಎಂದರೆ ತಪ್ಪಿಲ್ಲ.

ಈಗ ಬಿಡದಿಯಿಂದ ಮೈಸೂರು ರಸ್ತೆ ಹಿಡಿದು ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರಿನ ಕಡೆಗೆ ಹೋಗೋಣ. ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಶಕ ವರ್ಷ 872, ನಮ್ಮ ಲೆಕ್ಕದಲ್ಲಿ 949–50ರ ಕಲ್ಲು. ಚರಿತ್ರೆಯ ವಿದ್ಯಾರ್ಥಿಗಳು ಇದನ್ನು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಚೋಳರ ಮೇಲೆ ಏರಿ ಹೋದ ಯುದ್ಧ ಅದು. ತಕ್ಕೋಲ ಈಗ ತಮಿಳುನಾಡಿನಲ್ಲಿದೆ. ಕೃಷ್ಣನ ಕಡೆ ನಿಂತ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300 ಮುಂತಾದ ನಾಡುಗಳನ್ನು ಕೊಟ್ಟ. ಬ್ಯಾಡ್ಜ್ ಸಿಕ್ಕ ಮೇಲೆ ಯಾರು ಯಾರ ಮಾತು ಕೇಳಬೇಕು ಎಂಬ ಲೆಕ್ಕ ಬದಲಾಗುವುದನ್ನು ಆಟದಲ್ಲಿ ನೋಡಿದೆವಲ್ಲ, ಇಲ್ಲಿಯೂ ಆದದ್ದು ಅದೇ.

ಆದರೆ ಆ ಕಲ್ಲನ್ನು ನೆಟ್ಟದ್ದು ಬೂತುಗನಿಗಾಗಿ ಅಲ್ಲ. ಬೂತುಗನ ಕೈಕೆಳಗೆ ಮಣಲೇರ ಎಂಬ ವೀರನಿದ್ದ. ಅವನೂ ಚೋಳರ ಎದುರು ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳಿಕೋ ಎಂದ. ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಕಾಳಿ ಎಂಬ ಬೇಟೆನಾಯಿ. ಕಾಳಿ ಅವನ ಜೊತೆ ಬಂತು. ಮುಂದೊಂದು ದಿನ ಕೇಳಲೆ ನಾಡಿನ ಬೆಳತೂರಿನ ಪಡುವಣ ದಿಬ್ಬದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಕೆತ್ತಿಸಿದರು. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಬಿದ್ದಿರುವ ಉಬ್ಬುಚಿತ್ರವಿದೆ.

ಮಣಲೇರನಿಗೂ ಬಾಳ್ಗಚ್ಚು ಸಿಕ್ಕಿತು. ಬಾಳ್ಗಚ್ಚು ಎಂದರೆ ಕತ್ತಿ ತೊಳೆದು ಕೊಡುವ ಉಂಬಳಿ. ಆತಕೂರು ಸೇರಿದ ಹನ್ನೆರಡು ಹಳ್ಳಿಗಳು ಅವನವಾದವು. ಮಾತು ಇಷ್ಟೇ: ಕಾದಾಡಿದ ಮನುಷ್ಯನಿಗೆ ಕೊಟ್ಟ ಬಗೆಯಲ್ಲೇ ಕಾದಾಡಿದ ಪ್ರಾಣಿಗೂ ಕೊಟ್ಟರು. ವೀರಗಲ್ಲು, ಹೆಸರು, ಭೂಮಿ, ನಿತ್ಯಪೂಜೆ. ಕಾಳಿಯ ಗೆಲುವನ್ನು ಮಣಲೇರ ತನ್ನ ಬಿರುದುಗಳ ಪಟ್ಟಿಗೆ ಸೇರಿಸಿಕೊಂಡು ಸುಮ್ಮನಿರಬಹುದಿತ್ತು. ವಾಡಿಕೆಯೂ ಅದೇ. ಅವನು ಹಾಗೆ ಮಾಡಲಿಲ್ಲ. ಇದನ್ನು ದೊಡ್ಡದು ಮಾಡಿ ಹೇಳಲಾರೆ. ನಾಯಿಯನ್ನು ಹಂದಿಯ ಮೇಲೆ ಬಿಟ್ಟದ್ದು ಮನುಷ್ಯರೇ. ಅದೇ ಕಲ್ಲು ತಕ್ಕೋಲದಲ್ಲಿ ಸತ್ತ ಸಾಮಾನ್ಯ ಕಾಲಾಳುಗಳ ಹೆಸರು ಹೇಳುವುದಿಲ್ಲ. ಆದರೂ ಸಾವಿರ ವರ್ಷಕ್ಕೂ ಹಿಂದೆ ನಮ್ಮ ಪಕ್ಕದ ತಾಲ್ಲೂಕಿನಲ್ಲಿ ಒಬ್ಬನಿಗೆ, ಹೊಡೆದಾಡಿದ್ದು ಯಾರು ಎಂಬ ಪ್ರಶ್ನೆ ಹೊಳೆದಿತ್ತು. ಅವನು ಅದಕ್ಕೆ ಕಲ್ಲಿನಲ್ಲಿ ಉತ್ತರ ಬರೆಸಿದ.

ಹೊರಗಿನ ಜಗತ್ತಿಗೂ ಇದು ಆಗಾಗ ಹೊಳೆದಿದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನ ಮರಿಯಾ ಡಿಕಿನ್ ಯುದ್ಧದಲ್ಲಿ ದುಡಿದ ಪ್ರಾಣಿಗಳಿಗೆಂದೇ ಒಂದು ಪದಕ ಆರಂಭಿಸಿದರು. ಅದನ್ನು ಮೊದಲು ಪಡೆದವು ಮೂರು ಪಾರಿವಾಳಗಳು.

ಪೊಕೆಮಾನ್ ಆಟಕ್ಕೂ ಹೊಳೆಯಿತು, ಸ್ವಲ್ಪ ತಡವಾಗಿ. 2002ರಲ್ಲಿ ಬಂದ ರೂಬಿ ಮತ್ತು ಸಫೈರ್ ಆವೃತ್ತಿಗಳಲ್ಲಿ ರಿಬ್ಬನ್ ಎಂಬುದನ್ನು ತಂದರು. ಬ್ಯಾಡ್ಜ್ ಆಟಗಾರನಿಗೆ, ರಿಬ್ಬನ್ ಪ್ರಾಣಿಗೆ. ಕೊನೆಯ ಪಂದ್ಯ ಗೆದ್ದಾಗ ತಂಡದಲ್ಲಿದ್ದ ಪ್ರತಿಯೊಂದಕ್ಕೂ ಒಂದು. ಚೆನ್ನಾಗಿ ಪಳಗಿದ್ದಕ್ಕೆ ಒಂದು, ಸ್ಪರ್ಧೆ ಗೆದ್ದದ್ದಕ್ಕೆ ಒಂದು. ಮುಖ್ಯವಾದ ವಿಚಾರ ಇಲ್ಲಿದೆ. ಪ್ರಾಣಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ರಿಬ್ಬನ್ ಅದರ ಜೊತೆಗೇ ಹೋಗುತ್ತದೆ. ಹಳೆಯ ಒಡೆಯ ಕಿತ್ತುಕೊಳ್ಳಲಾರ, ಹೊಸ ಒಡೆಯ ಅಳಿಸಲಾರ. 2019ರಲ್ಲಿ ಬಂದ ಸ್ವೋರ್ಡ್ ಮತ್ತು ಶೀಲ್ಡ್ ಆವೃತ್ತಿಗಳಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ರಿಬ್ಬನ್ ಪಡೆದ ಪ್ರಾಣಿ ಕಣಕ್ಕೆ ಇಳಿಯುವಾಗ ಅದರ ಹೆಸರಿನ ಜೊತೆ ಬಿರುದನ್ನೂ ತೋರಿಸಬಹುದು. ಹೊಗಳುಭಟರು ಅರಸರಿಗೆ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರ ಪಿಕಾಚುವಿಗೆ ಮಾಡುತ್ತದೆ.

ಆಟ ಕಟ್ಟಿದ ಸತೋಶಿ ತಜಿರಿ ಬೆಳೆದದ್ದು ಟೋಕಿಯೋದ ಹೊರವಲಯದ ಮಚಿದದಲ್ಲಿ. ಹುಡುಗನಾಗಿದ್ದಾಗ ಗದ್ದೆ, ಕುಂಟೆಗಳಲ್ಲಿ ಹುಳುಗಳನ್ನು ಹಿಡಿಯುತ್ತಿದ್ದರು. ಊರು ಬೆಳೆದು ಆ ಜಾಗಗಳೆಲ್ಲ ಕಟ್ಟಡಗಳಾದವು. ಹುಳ ಹಿಡಿಯುವ ಆ ಸುಖವನ್ನು ಮಕ್ಕಳಿಗೆ ಮತ್ತೆ ಕೊಡಬೇಕೆಂಬ ಆಸೆಯಿಂದ ಈ ಆಟ ಹುಟ್ಟಿತು. ಬಿಡದಿಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತಟ್ಟೆ ಇಡ್ಲಿಗೆ ಹೆಸರಾದ ನಮ್ಮ ಊರಿನ ಪಕ್ಕದ ಹೊಲಗಳು ಕೈಗಾರಿಕಾ ಪ್ರದೇಶವಾದವು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಇಲ್ಲಿ ಕಾರುಗಳು ತಯಾರಾಗತೊಡಗಿದವು. ಸುತ್ತ ಬಿಡಿಭಾಗದ ಘಟಕಗಳು ಬಂದವು. ಅವುಗಳ ಜೊತೆಗೆ ಜಪಾನಿನ ಕೆಲಸದ ರೀತಿಗಳೂ ಬಂದವು.

ಅಂಥ ಒಂದು ರೀತಿ ಕೌಶಲದ ಬೋರ್ಡು. ಅನೇಕ ಕಾರ್ಖಾನೆಗಳಲ್ಲಿ ಲೈನಿನ ಪಕ್ಕದ ಗೋಡೆಗೆ ಇದನ್ನು ತೂಗುಹಾಕಿರುತ್ತಾರೆ. ಎಡಕ್ಕೆ ಕೆಲಸಗಾರರ ಹೆಸರು, ಮೇಲೆ ಕೆಲಸಗಳ ಹೆಸರು, ಪ್ರತಿಯೊಂದು ಚೌಕದಲ್ಲಿ ನಾಲ್ಕು ಹೋಳಿನ ಒಂದು ವೃತ್ತ. ಕಲಿಯುತ್ತಿದ್ದರೆ ಒಂದು ಹೋಳಿಗೆ ಬಣ್ಣ. ಇನ್ನೊಬ್ಬರ ನೆರವಿನಿಂದ ಮಾಡಿದರೆ ಎರಡು. ಒಬ್ಬನೇ ಮಾಡಬಲ್ಲವನಾದರೆ ಮೂರು. ಬೇರೆಯವರಿಗೆ ಕಲಿಸಬಲ್ಲವನಾದರೆ ನಾಲ್ಕೂ. ಇದು ನಮ್ಮ ಬ್ಯಾಡ್ಜ್. ವೃತ್ತ ತುಂಬಿದ ದಿನ ಹುಡುಗರು ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ. ಅದರಲ್ಲಿ ನಿಜವಾದ ಸಂತೋಷವಿದೆ. ನನ್ನ ವೃತ್ತಗಳು ತುಂಬಿದಾಗ ನಾನೂ ಆ ಸಂತೋಷ ಪಟ್ಟಿದ್ದೇನೆ.

ಆದರೆ ಬೋರ್ಡು ಗೋಡೆಯದು. ಸರ್ಕಾರಿ ಕಚೇರಿಯ ಜವಾನನ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ಕಚೇರಿಯದಾಗಿದ್ದಂತೆ. ಕೆಲಸ ಬಿಡುವ ದಿನ ಬಿಲ್ಲೆಯನ್ನು ಒಪ್ಪಿಸಿ ಹೋಗಬೇಕು. ನಾನು ಹಿಂದೆ ದುಡಿದ ಒಂದು ಕಡೆ, ಮಾಗಡಿ, ಕನಕಪುರದ ಹಳ್ಳಿಗಳಿಂದ ಗುತ್ತಿಗೆಯ ಮೇಲೆ ಬರುತ್ತಿದ್ದ ಹುಡುಗರ ಹೆಸರನ್ನು ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದರು, ಅಳಿಸಲು ಸುಲಭ ಎಂದು. ಎರಡು ವರ್ಷದಲ್ಲಿ ಐದು ಯಂತ್ರ ಕಲಿತ ಹುಡುಗ ಮುಂದಿನ ಕಾರ್ಖಾನೆಯ ಗೇಟಿನಲ್ಲಿ ಮತ್ತೆ ಹೊಸಬ. ಅವನ ಕೈಯಲ್ಲಿ ವಿದ್ಯೆ ಇದೆ, ವಿದ್ಯೆಗೆ ಸಾಕ್ಷಿಯಿಲ್ಲ. ಅದೇ ಹೊತ್ತಿಗೆ ಅವನೂ ಸೇರಿ ದುಡಿದು ತಂದ ಗುಣಮಟ್ಟದ ಪ್ರಶಸ್ತಿ ಸ್ವಾಗತ ಕೋಣೆಯ ಗಾಜಿನ ಕಪಾಟಿನಲ್ಲಿ ಹೊಳೆಯುತ್ತಿರುತ್ತದೆ. ಆ ಕೋಣೆಗೆ ಅವನು ಹೋಗುವುದು ಅಪರೂಪ.

ಕೆಲಸಗಾರರನ್ನು ಪ್ರಾಣಿಗಳಿಗೆ ಹೋಲಿಸುತ್ತಿದ್ದೇನೆ ಎಂದು ಯಾರೂ ಮುನಿಯಬೇಡಿ. ನಾನೂ ಅವರಲ್ಲಿ ಒಬ್ಬ. ಹೋಲಿಕೆ ಇರುವುದು ಗುರುತುಗಳ ನಡುವೆ. ಚರಿತ್ರೆಯಲ್ಲಿ ಎರಡು ಬಗೆಯ ಗುರುತುಗಳನ್ನು ಕಾಣುತ್ತೇವೆ. ಒಂದು, ದುಡಿದವನನ್ನು ಕೊಟ್ಟವನಿಗೆ ಕಟ್ಟಿಹಾಕುವ ಗುರುತು. ಹಳೇಬೀಡಿನ ತೊಡರು ಅಂಥದು. ಇನ್ನೊಂದು, ದುಡಿದವನದೇ ಆಗಿ ಅವನ ಜೊತೆ ಉಳಿಯುವ ಗುರುತು. ಕಾಳಿಯ ಕಲ್ಲು ಅಂಥದು, ಪಿಕಾಚುವಿನ ರಿಬ್ಬನ್ ಅಂಥದು. ಎರಡನೆಯ ಬಗೆ ಅಪರೂಪ. ಅದಕ್ಕೆ ಹೆಚ್ಚು ಖರ್ಚೇನೂ ಇಲ್ಲ. ಗೆಲುವಿನಲ್ಲಿ ತನ್ನ ಪಾಲು ಎಷ್ಟು ಎಂದು ಒಡೆಯನಾದವನು ಒಂದು ಗಳಿಗೆ ಯೋಚಿಸಬೇಕು, ಅಷ್ಟೆ.

ಮಣಲೇರ ಕಲ್ಲು ಕಡಿಸಿ, ಉಬ್ಬುಚಿತ್ರ ಮಾಡಿಸಿ, ಭೂಮಿ ಬಿಟ್ಟ. ಈಗ ಅಷ್ಟೆಲ್ಲ ಬೇಕಿಲ್ಲ. ಹುಡುಗನೊಬ್ಬ ಕೆಲಸ ಬಿಟ್ಟು ಹೊರಡುವ ದಿನ ಇಂತಿಂಥ ಯಂತ್ರ ನಡೆಸಬಲ್ಲ, ಇಂತಿಷ್ಟು ಜನರಿಗೆ ಕಲಿಸಿದ್ದಾನೆ ಎಂದು ಅವನ ಹೆಸರಿನಲ್ಲಿ ಒಂದು ಹಾಳೆ ಬರೆದು, ಸಹಿ ಹಾಕಿ ಕೈಗೆ ಕೊಟ್ಟರೆ ಸಾಕು.