ಸವಳು ಬಾವಿಗೆ ಯಾವ ಮೀನು?

ನಾನು ನೌಕರಿ ಮಾಡಿದ್ದು ಆರೋಗ್ಯ ಇಲಾಖೆಯಲ್ಲಿ, ಮೀನುಗಾರಿಕೆ ಇಲಾಖೆಯಲ್ಲಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ನನ್ನನ್ನು ಕರೆಯುತ್ತಿದ್ದುದು ‘ಮೀನಿನ ಸಾಹೇಬ’ ಅಂತಲೇ. ಬಾವಿಗೆ, ಟಾಕಿಗೆ ಮೀನು ಬಿಡುವುದು ನನ್ನ ಕೆಲಸ. ಈ ಕೆಲಸಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದೆ.

ಅದರ ಬೇರು ನಾರುಹುಣ್ಣಿನಲ್ಲಿದೆ. ಈಗಿನ ಹುಡುಗರು ಅದನ್ನು ಕಂಡಿಲ್ಲ. ನಮ್ಮ ಅಜ್ಜಿಯ ಹಿಮ್ಮಡಿಯ ಮೇಲೆ ಅದರ ಕಲೆ ಇತ್ತು. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರಿಂದ ಬಿಳಿ ನೂಲಿನಂಥ ಹುಳ ತಲೆ ಹಾಕುತ್ತಿತ್ತು. ಒಂದು ಮೀಟರಿನವರೆಗೂ ಉದ್ದವಿರುವ ಹುಳ. ಎಳೆದರೆ ತುಂಡಾಗಿ ಕೀವು ತುಂಬುತ್ತದೆ. ಅದಕ್ಕೇ ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲದಷ್ಟೇ ಹೊರಗೆ ತೆಗೆಯಬೇಕು. ರೋಗ ಹಬ್ಬಿಸುತ್ತಿದ್ದುದು ಮೆಟ್ಟಿಲು ಬಾವಿ. ಹುಣ್ಣಿನ ಕಾಲನ್ನು ನೀರಿಗಿಟ್ಟು ಕೊಡ ತುಂಬಿಕೊಂಡಾಗ ಹುಳ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಒಂದೆರಡು ಮಿಲಿಮೀಟರ್ ಗಾತ್ರದ ಸೈಕ್ಲೋಪ್ಸ್ ಎಂಬ ನೀರುಜೀವಿ ಅವನ್ನು ನುಂಗುತ್ತದೆ, ಆ ನೀರನ್ನು ಜನ ಕುಡಿಯುತ್ತಾರೆ. ಒಂದು ವರ್ಷಕ್ಕೆ ಹುಳ ಕಾಲಲ್ಲಿ ಹಾಜರ್.

ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು. ಆದರೆ ಬಾವಿಗೆ ಮೀನು ಬಿಟ್ಟು ಸೈಕ್ಲೋಪ್ಸನ್ನು ತಿನ್ನಿಸುವ ಉಪಾಯವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ. ವಿ. ಎನ್. ಮೂರ್ತಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನದಿಂದ ಬಂದಿದ್ದ ಡಬ್ಲ್ಯು. ಸಿ. ಸ್ವೀಟ್ ಸೇರಿ 1936ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಅದನ್ನು ಬರೆದರು. ಅವರು ಆರಿಸಿದ್ದು ಪರದೇಶದ ಮೀನಲ್ಲ, ಇಲ್ಲಿಯದೇ ಬಾರ್ಬಸ್ ಮತ್ತು ರಾಸ್ಬೋರಾ. ಬೆರಳುದ್ದದ, ಪಕ್ಕೆಯ ಮೇಲೆ ಕಪ್ಪು ಗೆರೆಯಿರುವ ಈ ರಾಸ್ಬೋರಾ ನಮ್ಮ ಹಳ್ಳಗಳಲ್ಲೂ ಇದೆ, ಹುಡುಗರು ಪಂಚೆಯಲ್ಲಿ ಹಿಡಿಯುತ್ತಾರೆ. ಸೈಕ್ಲೋಪ್ಸನ್ನು ಅದು ಹುಡುಕಿ ಹುಡುಕಿ ತಿನ್ನುತ್ತದೆ.

ಕಡೆಗೆ ನಾರುಹುಣ್ಣು ಹೋಗಿದ್ದು ಮೀನೊಂದರಿಂದಲ್ಲ, ಅದನ್ನು ಒಪ್ಪಲೇಬೇಕು. 1983–84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಟ್ಟಿಲು ಮುಚ್ಚಿ ಬಾವಿಗೆ ಕಟ್ಟೆ ಕಟ್ಟಿದರು, ಕೈಪಂಪು ಹಾಕಿದರು, ಟೆಮಿಫಾಸ್ ಔಷಧಿ ಸುರಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಿದರು. 2000ದ ಫೆಬ್ರವರಿಯಲ್ಲಿ ಭಾರತಕ್ಕೆ ನಾರುಹುಣ್ಣು ಮುಕ್ತ ದೇಶವೆಂಬ ಪ್ರಮಾಣಪತ್ರ ಸಿಕ್ಕಿತು.

ಅಷ್ಟರಲ್ಲಿ ಬಾವಿಯ ಮೀನಿಗೆ ಬೇರೆ ನೌಕರಿ ಸಿಕ್ಕಿತ್ತು, ಸೊಳ್ಳೆ ಮರಿ ತಿನ್ನುವುದು. ಈ ಕೆಲಸಕ್ಕೆ ಬಳಸಿದ್ದು ಪರದೇಶದ ಮೀನು. ಗಪ್ಪಿ ಮೂಲತಃ ಟ್ರಿನಿಡಾಡ್, ವೆನೆಜುವೆಲಾ ಕಡೆಯದು. 1910ರ ಆಸುಪಾಸಿನಲ್ಲಿ ನಮ್ಮ ದೇಶಕ್ಕೆ ಬಂತು. ಅಮೆರಿಕ ಮೂಲದ ಗಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂತು. 1950ರ ದಶಕದ ಡಿಡಿಟಿ ಹುಮ್ಮಸ್ಸಿನಲ್ಲಿ ಇಬ್ಬರನ್ನೂ ಮರೆತರು. 1976ರಲ್ಲಿ ದೇಶದ ಮಲೇರಿಯಾ ಪ್ರಕರಣ 64 ಲಕ್ಷ ದಾಟಿದ ಮೇಲೆ ಮತ್ತೆ ಮೀನಿನ ನೆನಪಾಯಿತು. ನಮ್ಮಲ್ಲಿ ಕೃಷ್ಣೆಯ ಕಾಲುವೆ ಬಂದು, ನೀರು ನಿಂತಲ್ಲೆಲ್ಲ ಸೊಳ್ಳೆಯೂ ಬಂತು.

ಬೆಂಗಳೂರಿನಲ್ಲಿ ಅಣ್ಣನ ಮಗ ಎರಡಡಿಯ ಗಾಜಿನ ತೊಟ್ಟಿಯಲ್ಲಿ ಸಮುದ್ರದ ನೀರು ಮಾಡಿಕೊಂಡು, ಹವಳದ ನಡುವೆ ಒಂದೇ ಜಾತಿಯ ಮೀನು ಸಾಕಿದ್ದಾನೆ, ಒಂದು ಜೋಡಿ ಕ್ಲೌನ್ ಮೀನು. ಲೀಟರಿಗೆ 35 ಗ್ರಾಂ ಉಪ್ಪು. “ಕಾಕಾ, ಸಣ್ಣ ನೀರಿಗಿ ಮೀನ ಆರಿಸೋದು ಭಾಳ ತ್ರಾಸ್ರೀ” ಅಂದ. ಅವನು ಹೇಳಿದ ತ್ರಾಸೆಲ್ಲ ನನ್ನವೇ: ಎಷ್ಟು ದೊಡ್ಡದಾಗುತ್ತದೆ, ಜಗಳಗಂಟಿಯೋ, ಮರಿ ತಿನ್ನುತ್ತದೋ, ಉಪ್ಪು ತಾಳುತ್ತದೋ. ನಮ್ಮ ಕರಿಮಣ್ಣಿನ ಸೀಮೆಯ ಎಷ್ಟೋ ಬಾವಿಗಳ ನೀರು ಸವಳು. ಡೋಣಿ ಹೊಳೆಯ ನೀರೇ ಸವಳು. ಗಂಬೂಸಿಯಾ ಹೊಟ್ಟೆಬಾಕ, ಮರಿಹುಳವನ್ನು ಗಪ್ಪಿಗಿಂತ ಚೆನ್ನಾಗಿ ತಿನ್ನುತ್ತದೆ. ಆದರೆ ಮಳೆಗಾಲದಲ್ಲಿ ಹಳ್ಳಕ್ಕೆ ಜಾರಿದರೆ ಬೇರೆ ಮೀನಿನ ಮೊಟ್ಟೆ, ಮರಿಯನ್ನೂ ಬಿಡುವುದಿಲ್ಲ. ಗಪ್ಪಿ ಸವಳನ್ನೂ ಹೊಲಸನ್ನೂ ತಾಳುತ್ತದೆ, ಮೊಟ್ಟೆಯ ಗೋಜಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಹೆಣ್ಣು ಒಮ್ಮೆ ಗಂಡನ್ನು ಕೂಡಿದರೆ ತಿಂಗಳುಗಟ್ಟಲೆ ಅದೇ ವೀರ್ಯದಲ್ಲಿ ಮತ್ತೆ ಮತ್ತೆ ಮರಿ ಹಾಕಬಲ್ಲದು. ಹೀಗಾಗಿ ನಾನು ಗಪ್ಪಿಯ ಪಕ್ಷ.

ಆರಿಸಿದ ಮೇಲೂ ಕೆಲಸ ಇರುತ್ತಿತ್ತು. ಚಹಾ ಸೋಸುವ ಜಾಳಿಗೆಯಿಂದ ಹೊಟ್ಟೆಯ ಹಿಂಬದಿಯಲ್ಲಿ ಕಪ್ಪು ಮಚ್ಚೆ ಕಟ್ಟಿದ ಹೆಣ್ಣುಗಳನ್ನೇ ಎತ್ತಿಕೊಳ್ಳಬೇಕು, ಅವು ಬಸುರಿ. ಬಣ್ಣಬಣ್ಣದ ಬಾಲದ ಗಂಡು ಕೆಲವು ಸಾಕು. ಕ್ಯಾನಿನ ಬಾಯಿ ತೆರೆದು ಬಾವಿಯ ನೀರನ್ನು ಲೋಟ ಲೋಟವಾಗಿ ಬೆರೆಸುತ್ತ ಅರ್ಧ ತಾಸು ಕೂರಬೇಕು, ಆಮೇಲೆ ಹಗ್ಗ ಕಟ್ಟಿದ ಬಕೆಟಿನಲ್ಲಿ ಇಳಿಸಬೇಕು. ಮೇಲಿಂದ ಸುರಿದರೆ ಉಪ್ಪಿನ ಪೆಟ್ಟಿಗೆ ಅರ್ಧ ಸಾಯುತ್ತವೆ. ಅರ್ಧ ತಾಸು ಹರಟೆಗೂ ಆಗುತ್ತಿತ್ತು. ಸಿಂದಗಿ ಕಡೆಯ ಯಜಮಾನರೊಬ್ಬರು, “ಸಾಹೇಬ್ರ, ಕುಡಿಯೋ ನೀರಿಗಿ ಮೀನ ಬಿಟ್ಟು ಮೈಲಿಗಿ ಮಾಡಬ್ಯಾಡ್ರಿ” ಅಂದಿದ್ದರು. “ತಿನ್ನಾಕ ಅಲ್ರೀ ಯಜಮಾನ್ರ, ಅವು ಸೊಳ್ಳಿ ಮರಿ ತಿಂತಾವ” ಅಂದೆ. ಬಕೆಟಿನಲ್ಲಿ ಒಂದು ಗಪ್ಪಿ ಮರಿಹುಳವನ್ನು ಗಬಕ್ಕನೆ ನುಂಗಿದ್ದನ್ನು ನೋಡಿ, “ಹಂಗಾರ ನಮ್ಮ ದನದ ಡೋಣಿಗೂ ನಾಕ ಹಾಕ್ರಿ” ಅಂದರು.

ಮೀನನ್ನು ಕೊಲ್ಲುತ್ತಿದ್ದುದು ನಮ್ಮದೇ ಬ್ಲೀಚಿಂಗ್ ಪೌಡರ್. ಒಂದು ಕಡೆ ನಾವು ಗಪ್ಪಿ ಬಿಟ್ಟು ಬಂದರೆ, ಮರುದಿನ ನೀರಗಂಟಿ ಪೌಡರ್ ಹಾಕುವನು. ಕ್ಲೋರಿನ್ನಿಗೆ ಬೆಳ್ಳಗೆ ತೇಲುತ್ತಿದ್ದವು. ಎರಡೂ ಸರ್ಕಾರಿ ಆದೇಶಗಳೇ. ಕಡೆಗೆ ಕುಡಿಯುವ ಬಾವಿಗೆ ಪೌಡರ್, ಬಳಸುವ ಬಾವಿಗೆ ಮೀನು ಎಂದು ಊರವರೊಂದಿಗೆ ಬಾಯಿಮಾತಿನಲ್ಲೇ ಹಂಚಿಕೊಂಡೆವು.

2006ರಲ್ಲಿ ಚಿಕುನ್‌ಗುನ್ಯಾ ನಮ್ಮ ಭಾಗವನ್ನು ಹಾಸಿಗೆ ಹಿಡಿಸಿದಾಗ ಗಪ್ಪಿಗೆ ಬಂದಷ್ಟು ಬೇಡಿಕೆ ಮತ್ತೆಂದೂ ಬಂದಿಲ್ಲ. ಆದರೆ ಆ ಸೊಳ್ಳೆ ಹುಟ್ಟುವುದು ಮನೆಯೊಳಗಿನ ಮಡಕೆ, ಪೀಪಾಯಿಗಳಲ್ಲಿ. ಅಲ್ಲಿ ಮೀನಿಗಿಂತ ವಾರಕ್ಕೊಮ್ಮೆ ತಿಕ್ಕಿ ತೊಳೆಯುವುದೇ ವಾಸಿ. ಈಗಲೂ ಗಪ್ಪಿ ಸಾಕುವ ಸಿಮೆಂಟ್ ತೊಟ್ಟಿಗಳಿವೆ. ಹೊಸ ಹುಡುಗರು ಯಾರಾದರೂ ಕೇಳಿದರೆ, ಪಕ್ಕದ ತೊಟ್ಟಿಯಲ್ಲಿ ಹಳ್ಳದ ರಾಸ್ಬೋರಾವನ್ನೂ ಸಾಕಿ ನೋಡಿ ಅನ್ನುತ್ತೇನೆ. ಮೊಟ್ಟೆ ಇಡುವ ಮೀನು, ತುಸು ಕಿರಿಕಿರಿ. ಸಿಹಿನೀರಿನ ಬಾವಿಗಾದರೂ ಅದು ಸಾಕು. ತಪ್ಪಿಸಿಕೊಂಡು ಹೋದರೂ ಅದು ಹೋಗುವುದು ತನ್ನ ಹಳ್ಳಕ್ಕೇ.