ಬಗ್ಗದೆ ಇಟ್ಟಿಗೆ ಇಟ್ಟವರು

1885ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹದಿನೇಳರ ಹುಡುಗ ಫ್ರಾಂಕ್ ಗಿಲ್ಬ್ರೆತ್ ಗಾರೆ ಕೆಲಸ ಕಲಿಯಲು ಸೇರಿದ. ಒಬ್ಬೊಬ್ಬ ಮೇಸ್ತ್ರಿಯ ಕೈಯೂ ಒಂದೊಂದು ಬಗೆ; ಅವಸರಕ್ಕೆ ಒಂದು ರೀತಿ, ನಿಧಾನಕ್ಕೆ ಇನ್ನೊಂದು. ಇವುಗಳಲ್ಲಿ ಒಳ್ಳೆಯದು ಯಾವುದು? ಹುಡುಗನ ತಲೆಗೆ ಹೊಕ್ಕ ಈ ಹುಳುವೇ ಮುಂದೆ ಕೈಗಾರಿಕಾ ಎಂಜಿನಿಯರಿಂಗಿನ ಒಂದು ದೊಡ್ಡ ಕವಲಾಯಿತು.

ಒಂದು ಇಟ್ಟಿಗೆಗಾಗಿ ಬಗ್ಗುವ ಆಳು ತನ್ನ ಮೈಭಾರವನ್ನೂ ಎತ್ತಬೇಕು. ಗಿಲ್ಬ್ರೆತ್ ಗೋಡೆಯ ಜೊತೆಗೇ ಏರಿಸಬಹುದಾದ ಸಾರುವೆ ಕಟ್ಟಿಸಿ, ಇಟ್ಟಿಗೆ-ಗಾರೆ ಕೈಗೆಟಕುವಂತೆ ಮಾಡಿದರು. ಹದಿನೆಂಟು ಚಲನೆಗಳು ಐದಕ್ಕಿಳಿದವು. ಗಂಟೆಗೆ 120 ಇದ್ದದ್ದು 350 ಇಟ್ಟಿಗೆಗೆ ಏರಿತೆಂಬುದು ಆಗಿನ ಲೆಕ್ಕ. ಹೆಚ್ಚಿದ ಲಾಭ ಯಾರ ಜೇಬಿಗೆ ಎಂಬ ಕಾರ್ಮಿಕರ ಅನುಮಾನವಂತೂ ಸಕಾರಣವೇ.

ಗಿಲ್ಬ್ರೆತ್‌ಗಿಂತ ದೂರ ನೋಡಿದವರು ಅವರ ಪತ್ನಿ ಲಿಲಿಯನ್. ಮನಶ್ಶಾಸ್ತ್ರ ಬಲ್ಲ ಆಕೆಗೆ ದಣಿವು, ಬೇಸರವೂ ಎಂಜಿನಿಯರರು ಅಳೆಯಬೇಕಾದ ಸಂಗತಿಗಳೇ. 1924ರಲ್ಲಿ ಫ್ರಾಂಕ್ ತೀರಿಕೊಂಡಾಗ ಮನೆಯಲ್ಲಿ ಹನ್ನೊಂದು ಮಕ್ಕಳು. ಹೆಂಗಸಿನ ಸಲಹೆ ಕೇಳಲು ಕಾರ್ಖಾನೆಗಳಿಗೆ ಹಿಂಜರಿಕೆ. ಲಿಲಿಯನ್ ಅದೇ ವಿದ್ಯೆಯನ್ನು ಅಡುಗೆಮನೆಗೆ ಹೊರಳಿಸಿದರು: ಒಲೆ, ಕಟ್ಟೆ, ಕಪಾಟುಗಳ ನಡುವಿನ ಹೆಜ್ಜೆಗಳನ್ನು ಎಣಿಸಿ ಕಡಿಮೆ ಮಾಡಿದರು.

1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕಿಯಾಗಿ ಕರೆಯಿತು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ.